ಕೇಳುವಾಗ ಕನ್ನಡ, ಹೇಳುವಾಗ ಇಂಗ್ಲಿಷ್: ಸಂಶೋಧನಾ ಸಂಸ್ಥೆಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಇವರಿಗೆ,
ಬೆಳಗಾವಿ, ಬಾಗಲಕೋಟೆ ಹಾಗೂ ವಿಜಯಪುರ ಜಿಲ್ಲೆಗಳಲ್ಲಿ ಸಂಶೋಧನೆ ನಡೆಸುತ್ತಿರುವ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳು, ಸಂಶೋಧನಾ ಸಂಸ್ಥೆಗಳ ನಿರ್ದೇಶಕರು ಮತ್ತು ಸಂಶೋಧನೆ ನೀತಿಬದ್ಧವಾಗಿದೆಯೇ ಎಂದು ಪರಿಶೀಲಿಸಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳ ಅಧ್ಯಕ್ಷರು.

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಶಿಕ್ಷಕ. ಮಲಪ್ರಭೆಯ ದಂಡೆಗೆ ಸಮೀಪವಿರುವ ನನ್ನ ಊರಿಗೆ ಕೆಲವು ವರ್ಷಗಳಿಂದ ಬೇರೆ ಬೇರೆ ಸಂಸ್ಥೆಗಳ ಸಂಶೋಧನಾ ತಂಡಗಳು ಬಂದು ಹೋಗುತ್ತಿವೆ. ಬಂದವರು ಊರ ಬಾಗಿಲಲ್ಲಿ ಮೊದಲು ವಿಚಾರಿಸುವುದು ಮಾಸ್ತರರ ಮನೆಯನ್ನೇ ಆದ್ದರಿಂದ, ಅವರನ್ನು ಓಣಿ ಓಣಿಗೆ ಕರೆದೊಯ್ದು ಜನರಿಗೆ ಪರಿಚಯಿಸುವ, ಪ್ರಶ್ನಾವಳಿಯನ್ನು ಓದಿ ಹೇಳುವ, ಅನುಮಾನಪಟ್ಟವರಿಗೆ ಧೈರ್ಯ ತುಂಬುವ ಕೆಲಸ ಬಹುಮಟ್ಟಿಗೆ ನನ್ನ ಪಾಲಿಗೆ ಬಂದಿದೆ. ಅದನ್ನು ಸಂತೋಷದಿಂದಲೇ ಮಾಡಿದ್ದೇನೆ. ನಮ್ಮ ರಕ್ತ, ನಮ್ಮ ಬಾವಿಯ ನೀರು, ನಮ್ಮ ಹೊಲದ ಮಣ್ಣು, ನಮ್ಮ ಮಾತು ಇವೆಲ್ಲವನ್ನೂ ಒಯ್ದವರು ಅದರಿಂದ ಏನು ಕಂಡುಕೊಂಡರು ಎಂಬುದನ್ನು ನಮಗೆ ಬಂದು ಹೇಳಿದ ಒಂದು ನಿದರ್ಶನವೂ ನನ್ನ ಊರಿನಲ್ಲಿಲ್ಲ. ಈ ವಿಷಯವನ್ನು ತಮ್ಮೆಲ್ಲರ ಗಮನಕ್ಕೆ ತರಲು ಊರಿನ ಹಿರಿಯರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ರಕ್ತಹೀನತೆಯ ಅಧ್ಯಯನಕ್ಕೆಂದು ಬಂದ ತಂಡವೊಂದು ನಮ್ಮ ಅಂಗನವಾಡಿಯಲ್ಲಿ ಹೆಣ್ಣುಮಕ್ಕಳ ರಕ್ತದ ಮಾದರಿ ಸಂಗ್ರಹಿಸಿತು. ಕನ್ನಡದಲ್ಲಿ ಅಚ್ಚಾಗಿದ್ದ ಒಪ್ಪಿಗೆ ಪತ್ರವನ್ನು ಪ್ರತಿಯೊಬ್ಬರಿಗೂ ಓದಿ ಹೇಳಲಾಯಿತು. ಅಧ್ಯಯನದ ಉದ್ದೇಶ, ಸೂಜಿ ಚುಚ್ಚಿದಾಗ ಆಗಬಹುದಾದ ನೋವು, ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಎಲ್ಲವೂ ಅದರಲ್ಲಿದ್ದವು; ಭಾಷೆಯೂ ಚೆನ್ನಾಗಿತ್ತು ಎಂದು ಮೇಷ್ಟ್ರಾಗಿ ಒಪ್ಪಿಕೊಳ್ಳಲೇಬೇಕು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು, ಸಾಕ್ಷಿಯಾಗಿ ನಾನು ಸಹಿ ಮಾಡಿದೆ. ನೇರಳೆ ಮುಚ್ಚಳದ ಸಣ್ಣ ಸಣ್ಣ ನಳಿಕೆಗಳು ಐಸ್ ಡಬ್ಬಿ ಸೇರಿ ಸಂಜೆಯೊಳಗೆ ಊರು ಬಿಟ್ಟವು. ಬಹಳ ದಿನಗಳ ಮೇಲೆ ಅವರಲ್ಲೊಬ್ಬ ತಾಯಿ ಹಾಲಿನ ಡೇರಿಯ ಮುಂದೆ ನನ್ನನ್ನು ನಿಲ್ಲಿಸಿ, "ಮಾಸ್ತರ, ನಮ್ಮ ರಗತ ಒಯ್ದರಲ್ರೀ, ಅದರಾಗ ಏನ ಬಂತ್ರೀ?" ಎಂದು ಕೇಳಿದರು. ಒಪ್ಪಿಗೆ ಪತ್ರದ ಕೆಳಗಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ, ಆ ಯೋಜನೆ ಮುಗಿದಿದೆ, ಅದನ್ನು ನೋಡಿಕೊಳ್ಳುತ್ತಿದ್ದವರು ಈಗ ಇಲ್ಲಿಲ್ಲ ಎಂಬ ಉತ್ತರ ಬಂತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಈ ಅಂಕಿ ಯಾರಿಗೆ ಬೇಕಾದರೂ ಸಿಗುತ್ತದೆ. ಆ ಲೆಕ್ಕದಲ್ಲಿ ತಾನಿದ್ದೇನೆಯೇ ಇಲ್ಲವೇ ಎಂಬುದು ಆ ತಾಯಿಯ ಪ್ರಶ್ನೆಯಾಗಿತ್ತು, ಅದರ ಉತ್ತರ ಯಾವುದೋ ಕೊಠಡಿಯ ಯಾವುದೋ ಕಡತದಲ್ಲಿತ್ತು.

ಎರಡನೆಯದು ಇದಕ್ಕಿಂತ ಗಂಭೀರವಾದದ್ದು. ಅಂತರ್ಜಲದ ಗುಣಮಟ್ಟ ಪರೀಕ್ಷಿಸಲು ಬಂದ ವಿದ್ಯಾರ್ಥಿಗಳು ಊರಿನ ಬೋರ್‌ವೆಲ್‌ಗಳಿಂದ ಬಾಟಲಿಗಳಲ್ಲಿ ನೀರು ತುಂಬಿಕೊಂಡು, ಗುರುತಿಗಾಗಿ ಕೈಪಂಪಿನ ಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ಸಂಖ್ಯೆ ಬರೆದು ಹೋದರು. ಸಂಖ್ಯೆ ಕಟ್ಟೆಯ ಮೇಲೆ ಉಳಿಯಿತು, ವರದಿ ಬರಲಿಲ್ಲ. ಕೆಲವು ವರ್ಷಗಳ ನಂತರ, ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಸಂಗ್ರಹಿಸಿಡುವ ಶೋಧಗಂಗಾ ತಾಣದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ನಮ್ಮ ತಾಲ್ಲೂಕಿನ ನೀರಿನ ಕುರಿತ ಪ್ರಬಂಧ ಕಣ್ಣಿಗೆ ಬಿತ್ತು. ಅದರ ಕೋಷ್ಟಕದಲ್ಲಿ ನಮ್ಮ ಊರಿನ ಹೆಸರಿತ್ತು. ಕಟ್ಟೆಯ ಮೇಲಿನ ಸಂಖ್ಯೆಯೇ ಅಲ್ಲಿಯೂ ಇತ್ತು. ಅದರ ಎದುರಿಗೆ ನಮೂದಾಗಿದ್ದ ಫ್ಲೋರೈಡ್ ಪ್ರಮಾಣ ಮಿತಿಗಿಂತ ಮೇಲಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂ ದಾಟಬಾರದು ಎಂದು ಭಾರತೀಯ ಮಾನಕ ಸಂಸ್ಥೆಯ ನಿಯಮ ಹೇಳುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲಿನ ಕಂದು ಕಲೆ ಜೀವನಪರ್ಯಂತ ಹೋಗುವುದಿಲ್ಲ, ದೀರ್ಘಕಾಲ ಸೇರುತ್ತ ಹೋದರೆ ಎಲುಬು ಕೀಲುಗಳಿಗೂ ತೊಂದರೆ. ನಮ್ಮಲ್ಲಿ ಕೆಲವು ಮನೆಗಳವರು ಶುದ್ಧವಾಗಲಿ ಎಂದು ಅದೇ ನೀರನ್ನು ಕುದಿಸಿ ಮಕ್ಕಳಿಗೆ ಕೊಡುತ್ತಿದ್ದರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ನಾನು ಆ ಪುಟವನ್ನು ಮುದ್ರಿಸಿ ಪಂಚಾಯಿತಿಗೆ ಕೊಟ್ಟ ಮೇಲೆ ಆ ಕೈಪಂಪಿನ ನೀರನ್ನು ಕುಡಿಯಲು ಬಳಸಬಾರದೆಂದು ಡಂಗುರ ಸಾರಿಸಿ, ಶುದ್ಧ ಕುಡಿಯುವ ನೀರಿನ ಘಟಕದಿಂದಲೇ ನೀರು ತರುವಂತೆ ತಿಳಿಸಲಾಯಿತು. ಮಾದರಿ ಒಯ್ದ ದಿನಕ್ಕೂ ಡಂಗುರ ಹೊಡೆದ ದಿನಕ್ಕೂ ನಡುವೆ ಆ ಓಣಿಯ ಮಕ್ಕಳು ಕುಡಿದ ನೀರಿಗೆ ಹೊಣೆ ಯಾರು? ಪ್ರಬಂಧ ಬರೆದ ವಿದ್ಯಾರ್ಥಿಯನ್ನು ನಾನು ದೂರುವುದಿಲ್ಲ. ಪ್ರಯೋಗಾಲಯದಲ್ಲಿ ಅಂಕಿ ಕಂಡ ದಿನವೇ ಒಂದು ಅಂಚೆ ಕಾರ್ಡು ಬರೆಯಬೇಕೆಂದು ಆತನಿಗೆ ಯಾವ ನಿಯಮವೂ ಹೇಳಿರಲಿಲ್ಲ, ಯಾವ ಮಾರ್ಗದರ್ಶಕರೂ ಹೇಳಿರಲಿಲ್ಲ ಎಂದು ತೋರುತ್ತದೆ. ಆದ್ದರಿಂದಲೇ ಈ ಪತ್ರವನ್ನು ವಿದ್ಯಾರ್ಥಿಗಳಿಗೆ ಬರೆಯದೆ ತಮಗೆ ಬರೆಯುತ್ತಿದ್ದೇನೆ.

2019ರ ಆಗಸ್ಟಿನ ಪ್ರವಾಹದ ನಂತರ ಬಂದ ತಂಡದ ಕತೆಯೂ ಹೆಚ್ಚುಕಡಿಮೆ ಇದೇ. ಗುಡಿಯ ಗೋಡೆಯ ಮೇಲೆ ನೀರು ನಿಂತ ಗುರುತನ್ನು ಊರವರೇ ತೋರಿಸಿದರು. 2009ರಲ್ಲಿ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರು ಬೆರಳಿಟ್ಟು ಹೇಳಿದರು. ತಂಡದವರು ಎಲ್ಲವನ್ನೂ ಅಳೆದು, ಜಿಪಿಎಸ್‌ನಲ್ಲಿ ದಾಖಲಿಸಿಕೊಂಡು, ನೆರೆಯ ನಕಾಶೆ ತಯಾರಾಗುತ್ತದೆ ಎಂದು ಹೇಳಿ ಹೋದರು. ನಕಾಶೆ ಎಲ್ಲೋ ತಯಾರಾಗಿರಲೂಬಹುದು, ಆದರೆ ನಮ್ಮಲ್ಲಿ ಹೊಸ ಮನೆ ಕಟ್ಟುವವರು ಇಂದಿಗೂ ಅಂದಾಜಿನ ಮೇಲೆಯೇ ಬುನಾದಿ ಎತ್ತರಿಸುತ್ತಿದ್ದಾರೆ. ದಾಳಿಂಬೆ ತೋಟಗಳಲ್ಲಿ ದುಂಡಾಣು ಅಂಗಮಾರಿ ಬಿದ್ದ ಎಲೆ, ಕಾಯಿಗಳ ಚಿತ್ರ ತೆಗೆದು, ಕೃತಕ ಬುದ್ಧಿಮತ್ತೆಯಿಂದ ರೋಗ ಗುರುತಿಸುವ ಆ್ಯಪ್ ಮಾಡುತ್ತೇವೆಂದು ಹೋದವರೂ ಇದ್ದಾರೆ. ಆ್ಯಪ್ ಆಗದಿದ್ದರೆ ಆಗಲಿಲ್ಲವೆಂದಾದರೂ, ಆಗಿದ್ದರೆ ಅದು ಎಷ್ಟು ಸಲ ತಪ್ಪು ಹೇಳುತ್ತದೆಂದಾದರೂ ತಿಳಿಸಿದ್ದರೆ ಸಾಕಿತ್ತು. ಮಳೆಯ ಹನಿ ಸಿಡಿದು, ಚಾಟ್ನಿ ಮಾಡುವ, ಅಂದರೆ ಟೊಂಗೆ ಸವರುವ, ಕತ್ತರಿಗೆ ಅಂಟಿ ಗಿಡದಿಂದ ಗಿಡಕ್ಕೆ ಹಬ್ಬುವ ಈ ರೋಗಕ್ಕೆ ತೋಟಗಳನ್ನೇ ಕಿತ್ತು ಹಾಕಿದ ರೈತರಿಗೆ ಇದು ಬರೀ ಕುತೂಹಲದ ವಿಷಯವಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ನಮ್ಮ ಭಾಗದ ಸಂಶೋಧನೆಯ ಬಗ್ಗೆ ನನಗೆ ಗೌರವವಿಲ್ಲವೆಂದು ಭಾವಿಸಬಾರದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಗೆ ಬಂದಾಗ, 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆ ವಿಶ್ವವಿದ್ಯಾಲಯ ದೊರೆತಾಗ ನಾವೆಲ್ಲ ಹಿಗ್ಗಿದವರೇ. ಬೆಳಗಾವಿಯಲ್ಲಿ ಸಾಂಪ್ರದಾಯಿಕ ಔಷಧಗಳಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಯಿದೆ, ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. ಶೋಧಗಂಗಾದಲ್ಲಿ ಹುಡುಕುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ: ಕಬ್ಬಿನ ಸಿಪ್ಪೆಯ ಬೂದಿಯನ್ನು ಸಿಮೆಂಟಿಗೆ ಬೆರೆಸಿ ಕಾಂಕ್ರೀಟ್ ಮಾಡುವವರು, ಮುಂಗಾರಿನ ದಿಕ್ಕು ದೆಸೆ ಲೆಕ್ಕ ಹಾಕುವವರು, ಉಸಿರಿನ ಸದ್ದಿನಿಂದ ಕಾಯಿಲೆ ಗುರುತಿಸಲು ಹೊರಟವರು, ಎರೆಮಣ್ಣು ಬಿರುಕು ಬಿಡುವ ಬಗೆಯನ್ನು ಅಳೆಯುವವರು. ಒಬ್ಬರು ಮಾಡುವ ಕೆಲಸಕ್ಕೂ ಇನ್ನೊಬ್ಬರದಕ್ಕೂ ಎಲ್ಲಿಯ ಸಂಬಂಧ ಎನ್ನಿಸಿದರೂ ಅವರೆಲ್ಲರಲ್ಲಿ ಸಮಾನವಾದದ್ದೊಂದಿದೆ: ಪ್ರತಿಯೊಂದು ಪ್ರಬಂಧದ ಆರಂಭದ ಕೃತಜ್ಞತೆಯ ಪುಟದಲ್ಲಿ ಮಾರ್ಗದರ್ಶಕರಿಗೆ, ತಂದೆತಾಯಿಗೆ, ಗೆಳೆಯರಿಗೆ ವಂದನೆಗಳಿರುತ್ತವೆ, ನಾನು ನೋಡಿದವುಗಳಲ್ಲಿ ಮಾದರಿ ಕೊಟ್ಟ ಊರಿಗೆ ಬಹಳ ವಿರಳವಾಗಿ ಇತ್ತು.

ಫಲಿತಾಂಶ ಜನರಿಗೆ ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಿದರ್ಶನಗಳನ್ನು ದೂರ ಹುಡುಕಬೇಕಾಗಿಲ್ಲ. 1930ರ ದಶಕದಲ್ಲಿಯೇ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಮುಂಗಾರಿನಲ್ಲಿ ಎರೆಹೊಲವನ್ನು ಚೌಕುಮಡಿಗಳಾಗಿ ಮಾಡಿ ಬಿದ್ದ ಮಳೆಯನ್ನು ಅಲ್ಲಲ್ಲೇ ಇಂಗಿಸಿ, ಹಿಂಗಾರಿ ಜೋಳಕ್ಕೆ ತೇವ ಹಿಡಿದಿಡುವ ಪದ್ಧತಿಯನ್ನು ಅಲ್ಲಿನ ವಿಜ್ಞಾನಿಗಳು ರೈತರಿಗೆ ಹೇಳಿದ್ದು ಪತ್ರಿಕೆಯಲ್ಲಿ ಲೇಖನ ಬರೆದಲ್ಲ, ಹೊಲದಲ್ಲಿ ನಿಂತು. ಇಂದು ಆ ಭಾಗದ ರೈತ ಚೌಕುಮಡಿಯನ್ನು ಸಂಶೋಧನೆಯೆಂದು ಕರೆಯುವುದೂ ಇಲ್ಲ, ಅದು ಅವನ ಬೇಸಾಯವೇ ಆಗಿಹೋಗಿದೆ. ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಆ ಮಾಹಿತಿಯನ್ನು ತನ್ನಲ್ಲೇ ಇಟ್ಟುಕೊಳ್ಳದೆ 'ವರುಣ ಮಿತ್ರ' ಎಂಬ ಸಹಾಯವಾಣಿ ನಡೆಸುತ್ತಿದೆ. ರೈತ ಫೋನ್ ಮಾಡಿದರೆ ಅವನ ಭಾಗದ ಮಳೆಯ ಮುನ್ಸೂಚನೆಯನ್ನು ಕನ್ನಡದಲ್ಲಿ ಹೇಳುತ್ತಾರೆ. ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋಗಿ ಬಂದವರು ತಮ್ಮ ಗಿಡದ ರೋಗದ ಬಗ್ಗೆ ಎದುರಿಗೇ ಕೇಳಿ ಬಂದದ್ದನ್ನು ನಾನು ನೋಡಿದ್ದೇನೆ. ಕೃಷಿ ಕ್ಷೇತ್ರಕ್ಕೆ ವಿಸ್ತರಣೆ ಎಂಬುದೊಂದು ಶಿಸ್ತೇ ಇದೆ. ಎಂಜಿನಿಯರಿಂಗ್, ವೈದ್ಯಕೀಯ, ಪರಿಸರ ವಿಜ್ಞಾನಗಳ ವಿಭಾಗಗಳಿಗೆ ಅಂಥದ್ದೊಂದು ಏಕಿಲ್ಲ ಎಂದು ಕೇಳಬೇಕಾದವರು ತಾವು.

ನಮಗೆ ತಿಳಿಯದೇ ಉಳಿದ ನಮ್ಮದೇ ಸಾಧನೆಯೊಂದನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. ಹೆರಿಗೆಯ ನಂತರದ ರಕ್ತಸ್ರಾವ ಬಡದೇಶಗಳಲ್ಲಿ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಂಪು ಪೆಟ್ಟಿಗೆ ಬೇಕು, ಚುಚ್ಚಲು ತರಬೇತಾದ ಕೈ ಬೇಕು. ಕೋಣೆಯ ಉಷ್ಣತೆಯಲ್ಲಿ ಕೆಡದೆ ಉಳಿಯುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಸಹಾಯಕ ದಾದಿಯರಾದ ಎಎನ್‌ಎಂ ಸಹೋದರಿಯರೇ ಹೆರಿಗೆಯಾದ ಕೂಡಲೇ ನುಂಗಿಸಿದರೆ ಪ್ರಯೋಜನವಾಗುತ್ತದೆಯೇ ಎಂಬ ಪ್ರಯೋಗ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಸಂಶೋಧಕರು ಅಮೆರಿಕದ ಸಹೋದ್ಯೋಗಿಗಳೊಂದಿಗೆ ನಡೆಸಿದ ಈ ಪ್ರಯೋಗದಲ್ಲಿ 1,620 ಹೆಣ್ಣುಮಕ್ಕಳು ಪಾಲ್ಗೊಂಡರು. ಹೋಲಿಕೆಗಾಗಿ ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ 12ರಷ್ಟು ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧಿ ಪಡೆದವರಲ್ಲಿ ಅದು ಶೇ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉದ್ದೇಶಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸುವಾಗ ಲೆಕ್ಕಕ್ಕೆ ಬಂದ ಮುಖ್ಯ ಪುರಾವೆಗಳಲ್ಲಿ ಬೆಳಗಾವಿಯದೂ ಒಂದು. ಆಫ್ರಿಕಾದ ಯಾವುದೋ ಹಳ್ಳಿಯಲ್ಲಿ ಇಂದು ಒಬ್ಬ ಬಾಣಂತಿ ಬದುಕಿ ಉಳಿದರೆ ಅದರಲ್ಲಿ ನಮ್ಮ ಅಕ್ಕತಂಗಿಯರ ಪಾಲಿದೆ. ಈ ವಿಷಯವನ್ನು ಬೆಳಗಾವಿ ಜಿಲ್ಲೆಯಲ್ಲಿರುವ ನನ್ನ ನೆಂಟರಿಷ್ಟರಲ್ಲಿ ಕೇಳಿದೆ, ಶಿಕ್ಷಕ ಮಿತ್ರರಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಹೆಮ್ಮೆಪಡಬೇಕಾದ ಸುದ್ದಿಯೇ ಹೀಗೆ ಜಿಲ್ಲೆಯೊಳಗೆ ಅಪರಿಚಿತವಾಗಿ ಉಳಿದರೆ, ಎಚ್ಚರಿಕೆಯ ಸುದ್ದಿ ಯಾವ ದಾರಿಯಲ್ಲಿ ಬಂದೀತು?

ನಿಯಮಗಳು ಏನನ್ನುತ್ತವೆ ಎಂಬುದನ್ನೂ ಓದಿದ್ದೇನೆ. ವೈದ್ಯಕೀಯ ಸಂಶೋಧನೆಯ ನೀತಿಗೆ ಜಗತ್ತೇ ಒಪ್ಪಿರುವ ಹೆಲ್ಸಿಂಕಿ ಘೋಷಣೆ ಮೊದಲು ಬಂದದ್ದು 1964ರಲ್ಲಿ. ಅದರ 2013ರ ಪರಿಷ್ಕರಣೆ, ಅಧ್ಯಯನದಲ್ಲಿ ಪಾಲ್ಗೊಂಡ ಎಲ್ಲರಿಗೂ ಅದರ ಒಟ್ಟು ಫಲಿತಾಂಶವನ್ನು ತಿಳಿದುಕೊಳ್ಳುವ ಅವಕಾಶ ಇರಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯೂ ಸಂಶೋಧನೆಯ ಲಾಭ ಜನಸಮುದಾಯಕ್ಕೆ ತಲುಪಬೇಕೆನ್ನುತ್ತದೆ. ಸೊಪ್ಪು ಬೇರುಗಳ ವಿಷಯದಲ್ಲಂತೂ 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳಿವೆ, ಲಾಭ ಹಂಚಿಕೆಯ ಮಾತಿದೆ. ಖಾನಾಪುರದ ಕಾಡಿನ ಬೇರಿಗೆ ಇರುವಷ್ಟು ಕಾನೂನಿನ ಆಸರೆ ನಮ್ಮ ಕೈಪಂಪಿನ ನೀರಿನ ಅಂಕಿಗೆ ಇಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿಲ್ಲದಿದ್ದರೆ ಎಥಿಕ್ಸ್ ಕಮಿಟಿ ಅಧ್ಯಯನಕ್ಕೆ ಅನುಮತಿಯನ್ನೇ ಕೊಡುವುದಿಲ್ಲ. ಫಲಿತಾಂಶ ಕನ್ನಡದಲ್ಲಿ ಊರಿಗೆ ಮುಟ್ಟದಿದ್ದರೆ ಯಾರೂ ಯಾರನ್ನೂ ಕೇಳುವುದಿಲ್ಲ. ಪಡೆಯುವ ಬಾಗಿಲಲ್ಲಿ ಕಾವಲಿದೆ, ಕೊಡುವ ಬಾಗಿಲಲ್ಲಿ ಇಲ್ಲ.

ಇದಕ್ಕೆ ಬರಬಹುದಾದ ಉತ್ತರಗಳನ್ನು ನಾನು ಊಹಿಸಬಲ್ಲೆ. ಪ್ರಕಟವಾದ ಲೇಖನ ಯಾರು ಬೇಕಾದರೂ ಓದಬಹುದಲ್ಲ ಎನ್ನಬಹುದು. ಕೇಂದ್ರ ಸರ್ಕಾರ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು, 2025ರಿಂದ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒದಗಿಸುತ್ತಿರುವುದು ಸ್ವಾಗತಾರ್ಹವೇ; ಆದರೆ ಮಾದರಿ ಕೊಟ್ಟ ರೈತನಿಗೆ ಆ ಚಂದಾ ಅನ್ವಯಿಸುವುದಿಲ್ಲ, ಅನ್ವಯಿಸಿದರೂ ಅವನು ಓದುವ ಭಾಷೆಯಲ್ಲಿ ಅವು ಇಲ್ಲ. ಒಂದು ಪ್ರಬಂಧದಿಂದ ಏನನ್ನೂ ಖಚಿತವಾಗಿ ಹೇಳಲಾಗದು, ಜನ ಸುಮ್ಮನೆ ಗಾಬರಿಯಾಗುತ್ತಾರೆ ಎಂಬುದು ಇನ್ನೊಂದು ಉತ್ತರ. ಇದರಲ್ಲಿ ಹುರುಳಿದೆ. ಹಾಗಿದ್ದರೆ ಆ ಅನಿಶ್ಚಿತತೆಯನ್ನೇ ಬಿಡಿಸಿ ಹೇಳಿ. ಮಳೆ ಬರಬಹುದು, ಬಾರದೆಯೂ ಇರಬಹುದು ಎಂಬ ಲೆಕ್ಕದ ಮೇಲೆ ಬಿತ್ತನೆ ಮಾಡುವ ಜನಕ್ಕೆ ಸಂಭವನೀಯತೆಯನ್ನು ವಿವರಿಸುವುದು ಕಷ್ಟವಾಗಲಾರದು. ಎಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆಯೇ ಇದೆ ಎಂದು ನನಗನ್ನಿಸುತ್ತದೆ. ಅಧ್ಯಾಪಕರ ಬಡ್ತಿಗೆ, ಸಂಸ್ಥೆಯ ಶ್ರೇಯಾಂಕಕ್ಕೆ ಲೆಕ್ಕವಾಗುವುದು ಇಂಗ್ಲಿಷ್ ಲೇಖನಗಳು ಮತ್ತು ಅವುಗಳ ಉಲ್ಲೇಖಗಳು. ಊರಿಗೆ ಹೋಗಿ ಗ್ರಾಮಸಭೆಯಲ್ಲಿ ಅರ್ಧ ಗಂಟೆ ಮಾತನಾಡಿದ್ದಕ್ಕೆ ಯಾವ ಅಂಕವೂ ಇಲ್ಲ. ಇದನ್ನು ಬದಲಿಸುವ ಅಧಿಕಾರ ಪೂರ್ತಿಯಾಗಿ ಅಲ್ಲದಿದ್ದರೂ ಸಾಕಷ್ಟು ತಮ್ಮ ಕೈಯಲ್ಲಿದೆ.

ಆದ್ದರಿಂದ ತಮ್ಮಲ್ಲಿ ನಮ್ಮ ಬೇಡಿಕೆಗಳು ಹೀಗಿವೆ. ಜನರಿಂದ, ಅವರ ಹೊಲ, ಬಾವಿ, ಮನೆಗಳಿಂದ ಮಾಹಿತಿ ಪಡೆದ ಪ್ರತಿಯೊಂದು ಪಿಎಚ್‌ಡಿ ಪ್ರಬಂಧದೊಂದಿಗೆ ಎರಡು ಪುಟ ಮೀರದ ಕನ್ನಡ ಸಾರಾಂಶವೊಂದು ಇರಲೇಬೇಕೆಂದು, ಅದರ ಪ್ರತಿ ಆಯಾ ಗ್ರಾಮ ಪಂಚಾಯಿತಿಗೂ ಅಲ್ಲಿನ ಅರಿವು ಕೇಂದ್ರಕ್ಕೂ ತಲುಪಿದ ಸ್ವೀಕೃತಿ ಇಲ್ಲದೆ ಪದವಿ ಘೋಷಿಸುವುದಿಲ್ಲವೆಂದು ವಿಶ್ವವಿದ್ಯಾಲಯಗಳು ನಿಯಮ ಮಾಡಬೇಕು. ನಿಪ್ಪಾಣಿ, ಖಾನಾಪುರ ಕಡೆ ಮರಾಠಿ ಓದುವವರಿಂದ ಮಾಹಿತಿ ಪಡೆದಿದ್ದರೆ ಅವರಿಗೆ ಮರಾಠಿಯಲ್ಲಿಯೂ ಕೊಡುವುದು ನ್ಯಾಯ. ಎಥಿಕ್ಸ್ ಕಮಿಟಿಗಳು ಅನುಮತಿ ಕೊಡುವಾಗಲೇ ಫಲಿತಾಂಶವನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸುತ್ತೀರಿ ಎಂದು ಬರೆಸಿಕೊಂಡು, ಅಧ್ಯಯನ ಮುಗಿದಾಗ ಅದು ನಡೆಯಿತೇ ಎಂದು ವಿಚಾರಿಸಬೇಕು. ಅನುದಾನದ ಅಂದಾಜುಪಟ್ಟಿಯಲ್ಲಿ ಪ್ರಯಾಣ ವೆಚ್ಚ, ರಾಸಾಯನಿಕಗಳ ವೆಚ್ಚ ಇರುವಂತೆ ಊರಿಗೆ ಮರಳಿ ಹೋಗುವ ವೆಚ್ಚವೂ ಒಂದು ಸಾಲಾಗಿ ಇರಲಿ.

ಆರೋಗ್ಯಕ್ಕೆ ಹಾನಿ ತರುವಂಥ ಅಂಶ ಕಂಡುಬಂದರೆ ಈ ಯಾವುದಕ್ಕೂ ಕಾಯಬಾರದು. ಫ್ಲೋರೈಡ್, ನೈಟ್ರೇಟ್ ಮಿತಿ ಮೀರಿದ್ದರೆ, ಒಬ್ಬರ ಹಿಮೋಗ್ಲೋಬಿನ್ ತೀರ ಕಡಿಮೆಯಿದ್ದರೆ, ಮಾರ್ಗದರ್ಶಕರ ಸಹಿಯೊಂದಿಗೆ ಆ ವಾರದಲ್ಲೇ ಪಂಚಾಯಿತಿಗೆ ಇಲ್ಲವೆ ಆ ವ್ಯಕ್ತಿಗೆ ಗುಟ್ಟಾಗಿ ತಿಳಿಸುವ ವ್ಯವಸ್ಥೆ ಬೇಕು. ಇದು ನಮ್ಮ ಬೇಡಿಕೆಗಳಲ್ಲಿ ಅತ್ಯಂತ ತುರ್ತಿನದು, ಉಳಿದವುಗಳಿಗೆ ಸಮಯ ಹಿಡಿದರೂ ಇದನ್ನು ಒಂದು ಸುತ್ತೋಲೆಯಿಂದ ನಾಳೆಯೇ ಜಾರಿಗೆ ತರಬಹುದು.

ಇನ್ನೊಂದು ಸಣ್ಣ ವಿಷಯ. ಒಂದೇ ಓಣಿಯ ಅದೇ ಮನೆಗಳಿಗೆ ಬೇರೆ ಬೇರೆ ತಂಡಗಳು ಬಂದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನು ಕೇಳಿದ್ದುಂಟು. ದಿನಗೂಲಿಗೆ ಹೋಗಬೇಕಾದವರು ಬಾಗಿಲಲ್ಲಿ ನಿಂತು ಉತ್ತರ ಹೇಳಿದ್ದಾರೆ. ಮೂರೂ ಜಿಲ್ಲೆಗಳ ಸಂಸ್ಥೆಗಳು ಕೂಡಿ, ಯಾವ ಊರಿನಲ್ಲಿ ಯಾವ ಅಧ್ಯಯನ ನಡೆದಿದೆ ಎಂಬ ಒಂದು ಸಾಮಾನ್ಯ ದಾಖಲೆ ಇಟ್ಟರೆ ಜನರ ಹೊತ್ತೂ ಉಳಿಯುತ್ತದೆ, ತಮ್ಮ ವಿದ್ಯಾರ್ಥಿಗಳ ಶ್ರಮವೂ ಉಳಿಯುತ್ತದೆ. ಬಯಸಿದ ಫಲಿತಾಂಶ ಬಾರದೆ ನಿಂತುಹೋದ ಅಧ್ಯಯನಗಳೂ ಅದರಲ್ಲಿರಲಿ.

ನಮ್ಮ ಕಡೆಯಿಂದ ನಾವು ಒಂದು ಹೆಜ್ಜೆ ಇಟ್ಟಿದ್ದೇವೆ. ಕಳೆದ ಗ್ರಾಮಸಭೆಯಲ್ಲಿ ಠರಾವು ಮಂಡಿಸಿ ಒಪ್ಪಿದಂತೆ, ಇನ್ನು ಮುಂದೆ ಊರಿಗೆ ಬರುವ ಯಾವ ಸಂಶೋಧನಾ ತಂಡಕ್ಕೂ ಸಹಕಾರ ನಿರಾಕರಿಸುವುದಿಲ್ಲ. ಆದರೆ ಕೆಲಸ ಆರಂಭಿಸುವ ಮುನ್ನ ತಂಡದ ಮುಖ್ಯಸ್ಥರು ಫಲಿತಾಂಶ ತಿಳಿಸುವ ಅಂದಾಜು ದಿನಾಂಕ, ಅದನ್ನು ತಿಳಿಸುವವರ ಹೆಸರು ಮತ್ತು ಅವರು ಬಿಟ್ಟುಹೋದರೆ ಉತ್ತರಿಸಬೇಕಾದ ವಿಭಾಗದ ವಿಳಾಸವನ್ನು ಪಂಚಾಯಿತಿಯ ವಹಿಯಲ್ಲಿ ಬರೆದು ಸಹಿ ಮಾಡಬೇಕು. ಠರಾವಿನ ಪ್ರತಿಯನ್ನು ತಮ್ಮೆಲ್ಲರ ಕಚೇರಿಗಳಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೇವೆ. ಅದರಲ್ಲಿ ತಿದ್ದಬೇಕಾದದ್ದು ಏನಾದರೂ ಇದ್ದರೆ ಸೂಚಿಸಬೇಕೆಂದೂ, ಒಪ್ಪಿಗೆಯಾದರೆ ತಮ್ಮ ವಿಭಾಗಗಳಿಗೆ ಸುತ್ತೋಲೆ ಹೊರಡಿಸಿ ಅದರ ಪ್ರತಿಯೊಂದನ್ನು ನಮಗೆ ಕಳುಹಿಸಬೇಕೆಂದೂ ವಿನಂತಿ.

ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಬಾಗಲಕೋಟೆ ಜಿಲ್ಲೆ